ನನ್ನ ಹೆಂಡತಿಯ ಬಾಯಿ ನೇರ ಮಾಡಿದ್ದು ಯಾರನ್ನು ಕೇಳಿ?

ದೊಡ್ಡಾಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ‘ಬಾಯಿ, ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಾ ವಿಭಾಗ’ ಎಂದು ಉದ್ದನೆಯ ಹಲಗೆ ತೂಗುಹಾಕಿಕೊಂಡಿರುವವರು ನನ್ನ ಹೆಂಡತಿಯ ಬಾಯಿಯನ್ನು ಬದಲಾಯಿಸಿ ಕಳಿಸಿದ್ದಾರೆ. ಮುರಿದ ದವಡೆ ಕೂಡಿಸಿಕೊಡಿ ಎಂದು ಒಪ್ಪಿಸಿದ್ದೆವು. ಕೂಡಿಸಿದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಇದ್ದ ಹಾಗೆ ಕೂಡಿಸಲಿಲ್ಲ. ಎಡಕ್ಕೆ ವಾಲಿದ್ದ ದವಡೆಯನ್ನು ನಟ್ಟನಡುವೆ ತಂದು ನಿಲ್ಲಿಸಿದ್ದಾರೆ. ಇದು ಕೈತಪ್ಪಿ ಆದದ್ದೋ, ಬೇಕೆಂದೇ ಮಾಡಿದ್ದೋ, ಹೊಸಬರು ಕೈ ಪಳಗಿಸಿಕೊಳ್ಳಲು ನನ್ನ ಹೆಂಡತಿಯೇ ಸಿಕ್ಕಿದಳೋ ಎಂದು ಕೇಳಿದರೆ ಇಡೀ ವಿಭಾಗ ತುಟಿ ಎರಡು ಮಾಡುತ್ತಿಲ್ಲ. ಊರವರಿಗೆಲ್ಲ ‘ಆ ಅನ್ನಿ, ಇನ್ನೂ ದೊಡ್ಡದಾಗಿ ಆ ಅನ್ನಿ’ ಎಂದು ಹೇಳುವುದೇ ಕಸುಬಾಗಿರುವ ಜನ ತಮ್ಮ ಬಾಯಿ ಮಾತ್ರ ಬಿಡುವುದಿಲ್ಲ.

‘ಬಾಯಿ ನೇರವಾದರೆ ನಿನಗೇನಯ್ಯಾ ನಷ್ಟ’ ಎಂದು ತಾವು ಕೇಳಬಹುದು. ಕೇಳಿ, ಹೇಳುತ್ತೇನೆ. ನಾನು ಕಿವುಡ. ಹುಟ್ಟಿನಿಂದಲ್ಲ, ನೇಯ್ಗೆ ಗಿರಣಿಯ ಕೃಪೆಯಿಂದ. ಶೆಡ್ಡಿನ ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳಲು ಶುರುಮಾಡಿದರೆ ಪಕ್ಕದಲ್ಲಿ ನಿಂತವನು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. ಹಾಗಾಗಿ ಗಿರಣಿಯಲ್ಲಿ ಯಾರೂ ಕಿರುಚುವುದಿಲ್ಲ. ದನಿಯಿಲ್ಲದೆ, ತುಟಿ ದವಡೆಗಳನ್ನು ಅಗಲವಾಗಿ ಆಡಿಸಿ ಮಾತಾಡುತ್ತಾರೆ, ಎದುರಿನವರು ಬಾಯಿ ನೋಡಿ ತಿಳಿದುಕೊಳ್ಳುತ್ತಾರೆ. ಜಗಳ, ಚಾಡಿ, ತಮಾಷೆ, ಮೇಸ್ತ್ರಿಯನ್ನು ಬೈಯುವುದು, ಎಲ್ಲವೂ ಶೆಡ್ಡಿನ ಆ ಕೊನೆಯಿಂದ ಈ ಕೊನೆಗೆ ಹೀಗೆಯೇ ಓಡಾಡುತ್ತವೆ. ನನ್ನ ಹೆಂಡತಿ ನನಗೆ ಸಿಕ್ಕಿದ್ದೂ ಹೀಗೆಯೇ. ನಾಲ್ಕಾರು ಮಗ್ಗಗಳಾಚೆ ನಿಂತಿದ್ದವಳು, “ನನ್ನೇನ್ ನೋಡ್ತೀಯಾ? ನಿನ್ ನೂಲು ಹರಿದಿದೆ, ಅದನ್ನ ನೋಡ್ಕೊ” ಎಂದು ಬೈದದ್ದೇ ಅವಳ ಬಾಯಿಂದ ನಾನು ಓದಿದ ಮೊದಲ ಮಾತು. ಮಾತಾಡುವಾಗ ಅವಳ ದವಡೆ ಎಡಕ್ಕೆ ಜಾರಿ, ಒಂದು ಗಳಿಗೆ ನಿಂತು, ವಾಪಸ್ ಬರುತ್ತಿತ್ತು. ಆ ಜಾರುವಿಕೆಯಿಂದಲೇ ಅವಳ ಮಾತು ನೂರು ಜನರ ನಡುವೆ ನನಗೆ ಗೊತ್ತಾಗುತ್ತಿತ್ತು. ಗಿರಣಿಯವರು ಅವಳಿಗೆ ‘ಓರೆಬಾಯಿ’ ಎಂದು ಹೆಸರಿಟ್ಟಿದ್ದರು. ನನಗೆ ‘ಕಂಬ’ ಎಂದು ಇಟ್ಟಿದ್ದರು. ಅಡ್ಡಹೆಸರಿಲ್ಲದ ಪ್ರಾಣಿ ಅಲ್ಲಿ ಒಂದೂ ಇರಲಿಲ್ಲ.

ಆಮೇಲೆ ಕಿವಿ ಪೂರ್ತಿ ಹೋಯಿತು. ಕಿವಿಗೆ ಸಿಕ್ಕಿಸುವ ಯಂತ್ರ ತಂದು ನೋಡಿದೆವು. ಅದು ಮನುಷ್ಯರ ಮಾತನ್ನೂ ಪಾತ್ರೆಯ ಸದ್ದನ್ನೂ ಒಟ್ಟಿಗೆ ಕಲಸಿ ಕಿವಿಗೆ ಸುರಿಯುತ್ತಿತ್ತು, ಕಿತ್ತು ಪೆಟ್ಟಿಗೆಯಲ್ಲಿಟ್ಟೆ. ಬೇರೆಯವರ ಬಾಯಿಯನ್ನೂ ನಾನು ಓದಬಲ್ಲೆ, ಆದರೆ ಅದು ಕೆಲಸ. ಹೆಂಡತಿಯ ಬಾಯಿ ಕೆಲಸವಲ್ಲ, ನನಗೆ ಅದೇ ಕಿವಿ. ಯಾರು ಏನೇ ಹೇಳಲಿ, ಅವಳು ನನ್ನ ಕಡೆ ತಿರುಗಿ ಅದನ್ನೇ ದನಿಯಿಲ್ಲದೆ ಇನ್ನೊಮ್ಮೆ ಹೇಳುತ್ತಿದ್ದಳು. ತನ್ನದೊಂದು ಟೀಕೆಯನ್ನೂ ಸೇರಿಸುತ್ತಿದ್ದಳು, ಅದು ನನಗೆ ಮಾತ್ರ. ಇಂಥ ಬಾಯಿಯನ್ನು ತಮ್ಮವರು ಅಳಿಸಿ ಹೊಸದು ಬರೆದಿದ್ದಾರೆ. ಈಗ ಹೇಳಿ, ನಷ್ಟವಿಲ್ಲವೇ?

ಬಸ್ಸಿನಿಂದ ಇಳಿಯುವಾಗ ಕಾಲು ಜಾರಿ, ಗಲ್ಲ ಮೆಟ್ಟಿಲಿಗೆ ಬಡಿದು ದವಡೆ ಮುರಿಯಿತು. ತಮ್ಮಲ್ಲಿಗೆ ಕರೆತಂದೆವು, ನಾನು ಮತ್ತು ಮಗಳು. ಆ ವಿಭಾಗದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಏಕೆಂದರೆ ತಾವು ಅಲ್ಲಿಗೆ ಹೋಗಿ ನೋಡಿದ್ದೀರೆಂಬ ನಂಬಿಕೆ ನನಗಿಲ್ಲ. ಬೆಂಚುಗಳ ಮೇಲೆ ಕೂತವರಲ್ಲಿ ಒಬ್ಬನ ಕೆನ್ನೆ ತೆಂಗಿನಕಾಯಿಯಂತೆ ಊದಿದೆ. ಇನ್ನೊಬ್ಬಳು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಾಳೆ. ಒಳಗೆ ಒಬ್ಬಾಕೆ ತಟ್ಟೆಯಲ್ಲಿ ಗುಲಾಬಿ ಬಣ್ಣದ ಅಂಟು ಕಲಸಿ ರೋಗಿಯ ಹಲ್ಲುಗಳಿಗೆ ಒತ್ತಿ ಅಚ್ಚು ತೆಗೆಯುತ್ತಾಳೆ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ಬಿಳಿಯ ದವಡೆಗಳನ್ನು ಮಾಡಿ ಕಪಾಟಿನಲ್ಲಿ ಸಾಲಾಗಿ ಇಡುತ್ತಾರೆ. ಆಮೇಲೆ ಡಾಕ್ಟರು ಬಂದು ಆ ಪ್ಲಾಸ್ಟರ್ ದವಡೆಯನ್ನು ಮುರಿದ ಕಡೆಯಲ್ಲೇ ಸಣ್ಣ ಗರಗಸದಿಂದ ಕೊಯ್ದು, ತುಂಡುಗಳನ್ನು ಕೈಯಲ್ಲಿ ಹಿಡಿದು, ಹೇಗೆ ಹೊಂದಿಸಿದರೆ ಕೆಳಗಿನ ಹಲ್ಲು ಮೇಲಿನ ಹಲ್ಲಿಗೆ ಕೂರುತ್ತದೆಂದು ನೋಡುತ್ತಾರೆ. ಮೂಳೆಗೆ ಕೈ ಹಾಕುವ ಮುಂಚೆ ಪ್ಲಾಸ್ಟರಿನಲ್ಲಿ ಒಮ್ಮೆ ಆಪರೇಷನ್ ಮಾಡಿ ನೋಡುವುದು ಅವರ ಕ್ರಮವಂತೆ. ಒಳ್ಳೆಯ ಕ್ರಮವೇ. ಹಾಗಾದರೆ ತಪ್ಪಿತು ಎನ್ನಲು ದಾರಿಯೇ ಇಲ್ಲವಲ್ಲ? ಎರಡೆರಡು ಸಲ ನೋಡಿ ಮಾಡಿದ್ದು ತಪ್ಪು ಹೇಗಾದೀತು, ಸ್ವಾಮಿ?

ಅಲ್ಲಿ ಎಲ್ಲರ ಮುಖಕ್ಕೂ ಮಾಸ್ಕು. ಡಾಕ್ಟರಿಗೆ, ನರ್ಸಿಗೆ, ನೆಲ ಒರೆಸುವವಳಿಗೂ. ಸೋಂಕು ತಗಲಬಾರದು, ನನಗೂ ಗೊತ್ತು. ಆದರೆ ಬಾಯಿ ನೋಡಿ ಬದುಕುವವನ ಎದುರು ಬಂದು ಮಾಸ್ಕಿನ ಹಿಂದೆ ವಟಗುಟ್ಟಿ ಹೋಗುವವರನ್ನು ನಾನು ಏನೆಂದು ನಂಬಲಿ? “ಸ್ವಲ್ಪ ಕೆಳಗಿಳಿಸಿ ಹೇಳಿ, ನಂಗೆ ಕೇಳಲ್ಲ” ಎಂದರೆ ನರ್ಸಮ್ಮ ಇನ್ನೂ ಹತ್ತಿರ ಬಂದು, ಹುಬ್ಬು ಗಂಟಿಕ್ಕಿ, ಬಹುಶಃ ಜೋರಾಗಿ ಕೂಗಿದರು. ಬಟ್ಟೆ ಮಾತ್ರ ಹಿಂದಕ್ಕೂ ಮುಂದಕ್ಕೂ ಉಬ್ಬಿತು.

ಆಪರೇಷನ್ನಿಗೆ ಮುಂಚೆ ಕಿರಿಯ ಸರ್ಜನ್ ಹುಡುಗಿಯೊಬ್ಬಳು ಬಂದು ನನ್ನನ್ನೂ ಮಗಳನ್ನೂ ಹೊರಗೆ ಕಳಿಸಿದಳು. ಗಂಡನನ್ನೂ ಮಗಳನ್ನೂ ಹೊರಗಿಟ್ಟು, ಬಾಯಿ ಬಿಡಲಾಗದ ಹೆಂಗಸಿನ ಜತೆ ಏನು ಗುಟ್ಟು? ಬಾಗಿಲಿನ ಗಾಜಿನಿಂದ ಇಣುಕಿದೆ. ಆ ಹುಡುಗಿಯ ಬೆನ್ನು ಕಂಡಿತು, ಮೊಣಕೈ ಅಲ್ಲಾಡಿದ್ದು ಕಂಡಿತು, ಅಷ್ಟೇ. ಹೊರಗೆ ಬಂದವಳು ಕೈಯಲ್ಲಿದ್ದ ಪ್ಲಾಸ್ಟರ್ ದವಡೆಯನ್ನು ಕೋಟಿನ ಜೇಬಿಗಿಳಿಸಿ ನನ್ನ ಕಣ್ಣು ತಪ್ಪಿಸಿ ಹೋದಳು.

ಹಿರಿಯ ಸರ್ಜನ್ನರೂ ಆ ಹುಡುಗಿಯೂ ಸೇರಿ ಮಾಡಿದ ಆಪರೇಷನ್ ಆಯಿತು. ಮೂಳೆಗೆ ತೆಳ್ಳನೆಯ ತಗಡು, ಗಡಿಯಾರದೊಳಗಿನಂಥ ಮೊಳೆಗಳು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಸುತ್ತಿ ಬಾಯಿಯನ್ನು ಕಟ್ಟಿಬಿಟ್ಟಿದ್ದರು. ಮೂಳೆ ಕೂಡುವ ತನಕ ಕೊಳವೆಯಲ್ಲಿ ಗಂಜಿ, ಹಣ್ಣಿನ ರಸ. ಮಂಚದ ತಲೆಯ ಕಡೆ ತಂತಿ ಕತ್ತರಿಸುವ ಇಕ್ಕಳವೊಂದನ್ನು ಚೀಲದಲ್ಲಿ ತೂಗುಹಾಕಿದರು. ವಾಂತಿ ಬಂದು ಉಸಿರು ಕಟ್ಟಿದರೆ ಯಾವ ತಂತಿಯನ್ನು ಮೊದಲು ಕತ್ತರಿಸಬೇಕೆಂದು ನರ್ಸಮ್ಮ ಮಗಳ ಕೈಯಲ್ಲಿ ಮಾಡಿಸಿ ತೋರಿಸಿದರು. ಮನೆಗೆ ಹೋಗುವಾಗ ಇಕ್ಕಳ ಕೈಯಲ್ಲೇ ಇರಬೇಕೆಂದು ಕಟ್ಟಪ್ಪಣೆ ಮಾಡಿದರು. ಆ ಮಟ್ಟಿಗೆ ಅವರ ಎಚ್ಚರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ.

ಅದೇ ಸಂಜೆ ನನ್ನ ಅನುಮಾನಕ್ಕೆ ಕೈಕಾಲು ಬಂದವು. ಮೊಗಸಾಲೆಯ ಕೊನೆಯಲ್ಲಿ ಸಿಬ್ಬಂದಿಯ ಟೀ ಕೋಣೆಯಿದೆ, ಅದಕ್ಕೆ ಗಾಜಿನ ಗೋಡೆ. ಟೀ ಕುಡಿಯಲು ಮಾಸ್ಕು ಇಳಿಸಲೇಬೇಕಲ್ಲ! ಕಿರಿಯ ಸರ್ಜನ್ ಹುಡುಗಿಯ ಬಾಯಿಯನ್ನು ಅವತ್ತೇ ಮೊದಲ ಸಲ ನೋಡಿದ್ದು. ಸ್ಪಷ್ಟವಾದ ಬಾಯಿ, ಗಿರಣಿಯಲ್ಲಿ ಇರಬಹುದಾಗಿತ್ತು. ಅವಳು ನರ್ಸಮ್ಮನಿಗೆ ಹೇಳುತ್ತಿದ್ದಳು: “ಅವರ ದವಡೆ ಎರಡು ಥರಾನೂ ಕೂರ್ತಿತ್ತು ಸಿಸ್ಟರ್. ಗಂಡನಿಗೆ ಮಾತ್ರ ಗೊತ್ತಾಗ್ಬಾರ್ದು.” ನರ್ಸಮ್ಮ ಬಿಸ್ಕತ್ತು ಅದ್ದುತ್ತಾ, “ಆ ಮನುಷ್ಯ ಹೊತ್ತಿಡೀ ಬಾಯಿನೇ ನೋಡ್ತಿರ್ತಾನೆ. ಗೊತ್ತಾಗ್ದೆ ಇರುತ್ತಾ?” ಎಂದರು. ನಾನು ಗಾಜಿನ ಈಚೆ ನಿಂತು ಒಂದಕ್ಷರ ಬಿಡದೆ ಓದಿದೆ. ಗಂಡನಿಗೆ ಗೊತ್ತಾಗಬಾರದಂತೆ! ಎರಡು ಥರ ಕೂರುತ್ತಿದ್ದುದರಲ್ಲಿ ತಪ್ಪಿನ ಥರವನ್ನು ಆರಿಸಿಕೊಂಡು, ಈಗ ಮುಚ್ಚಿಹಾಕುವ ಹುನ್ನಾರ ನಡೆದಿದೆ ಎಂದು ತಿಳಿಯಲು ನಾನೇನು ಪತ್ತೇದಾರನಾಗಬೇಕೇ?

ಆದರೂ ತಂತಿ ಬಿಚ್ಚುವ ತನಕ ತಾಳ್ಮೆಯಿಂದಿದ್ದೆ. ಬಿಚ್ಚಿದ ದಿನ ಅದೇ ಹುಡುಗಿ ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸಿ, ಗುರುತು ನೋಡಿ ತಲೆದೂಗಿದಳು. ಹಿರಿಯ ಸರ್ಜನ್ ಬಂದು, ನನಗಾಗಿ ದೊಡ್ಡ ಮನಸ್ಸು ಮಾಡಿ ಮಾಸ್ಕು ಇಳಿಸಿ, “ಮುಖ ಮೊದಲಿಗಿಂತ ಲಕ್ಷಣವಾಗಿದೆ, ಖುಷಿಪಡಿ” ಎಂದರು. ಲಕ್ಷಣ ಕೇಳಿದವರು ಯಾರು? ಆಗ ನನ್ನ ಹೆಂಡತಿ ನನ್ನ ಕಡೆ ತಿರುಗಿ ಏನೋ ಹೇಳಿದಳು. ಉದ್ದನೆಯ ಮಾತು, ಕಣ್ಣಲ್ಲಿ ನೀರಿತ್ತು. ನನಗೆ ಒಂದು ಶಬ್ದವೂ ಗೊತ್ತಾಗಲಿಲ್ಲ. ದವಡೆ ಜಾರಬೇಕಾದ ಕಡೆ ಜಾರಲಿಲ್ಲ, ಕೆಳತುಟಿ ಮರಗಟ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಯಾರೋ ಅಪರಿಚಿತಳು ನನ್ನ ಹೆಂಡತಿಯ ಕಣ್ಣಿಟ್ಟುಕೊಂಡು ಪರಭಾಷೆ ಆಡಿದಂತಿತ್ತು. ಸುಮ್ಮನೆ ತಲೆಯಾಡಿಸಿದೆ. ಗೊತ್ತಾಗದೆ ತಲೆಯಾಡಿಸಿದ್ದೇನೆಂದು ಅವಳಿಗೂ ಗೊತ್ತಾಯಿತು. ಅವತ್ತಿನಿಂದ ಮನೆಯಲ್ಲಿ ಸ್ಲೇಟು ಬಂದಿದೆ. ‘ಊಟ’ ಎಂದು ಬರೆಯುತ್ತಾಳೆ, ‘ಮಳೆ, ಬಟ್ಟೆ ತೆಗೀರಿ’ ಎಂದು ಬರೆಯುತ್ತಾಳೆ. ಟೀಕೆ ಬರೆಯುವುದಿಲ್ಲ. ಸ್ಲೇಟಿನಲ್ಲಿ ಯಾರಾದರೂ ಟೀಕೆ ಬರೆಯುತ್ತಾರೆಯೇ? ನನ್ನ ಮನೆ ನಿಜವಾಗಿ ನಿಶ್ಶಬ್ದವಾದದ್ದು ಈಗ, ಅಧೀಕ್ಷಕರೇ. ಕಿವಿ ಹೋದಾಗಲೂ ನಾನು ಇಷ್ಟು ಅತ್ತಿರಲಿಲ್ಲ.

ಹಾಗಾಗಿ ಹೆಂಡತಿಗೂ ಮಗಳಿಗೂ ಹೇಳದೆ ತಮಗೆ ದೂರು ಕೊಟ್ಟೆ. ತಮ್ಮ ಕಚೇರಿ ಯಾವತ್ತೂ ಇಲ್ಲದ ಚುರುಕಿನಿಂದ ಎದ್ದು ಕೂತು, ಕಿರಿಯ ಸರ್ಜನ್ ಹುಡುಗಿಯನ್ನು ಆಪರೇಷನ್ ಕೋಣೆಯಿಂದ ಹೊರಗಿಟ್ಟು, ಬರುವ ಸೋಮವಾರ ವಿಚಾರಣೆ ಎಂದು ತಿಳಿಸಿತು. ಅವಳ ಉತ್ತರದ ಸಾರವನ್ನೂ ತಾವು ಕಳಿಸಿದ್ದೀರಿ: ‘ರೋಗಿಯ ಒಪ್ಪಿಗೆಯಿಲ್ಲದೆ ಏನನ್ನೂ ಹೇಳಲಾರೆ.’ ಆಹಾ! ಎಷ್ಟು ನಯವಾದ ಮಾತು! ಯಾವ ವಕೀಲರು ಹೇಳಿಕೊಟ್ಟರೋ! ತಪ್ಪು ಮಾಡದವಳಾದರೆ ಮಾಡಿಲ್ಲ ಎನ್ನಲು ಯಾರ ಒಪ್ಪಿಗೆ ಬೇಕು? ಈ ಪತ್ರವನ್ನು ಎಲ್ಲರೂ ಓದಲೆಂದೇ ಬರೆಯುತ್ತಿದ್ದೇನೆ. ಸೋಮವಾರ ಆ ಹುಡುಗಿ, ಹಿರಿಯ ಸರ್ಜನ್, ನರ್ಸಮ್ಮ ಮೂವರೂ ಮಾಸ್ಕಿಲ್ಲದೆ ನನ್ನೆದುರು ನಿಂತು, ನನ್ನ ಹೆಂಡತಿಯ ಬಾಯಿಯನ್ನು ಯಾರ ಅಪ್ಪಣೆ ಪಡೆದು ಬದಲಾಯಿಸಿದಿರಿ ಎಂಬುದಕ್ಕೆ ಉತ್ತರ ಕೊಡಬೇಕು, ಮೊದಲಿದ್ದ ಬಾಯಿಯನ್ನು ವಾಪಸ್ ಕೂಡಿಸಿ

ಮೇಲಿನ ವಾಕ್ಯ ಅಲ್ಲಿಗೇ ನಿಂತಿದೆ. ಹೊಡೆದುಹಾಕುವುದಿಲ್ಲ, ನಾನು ಏನೆಂದುಕೊಂಡಿದ್ದೆನೋ ಅದು ಹಾಗೆಯೇ ಇರಲಿ. ಇಷ್ಟು ಬರೆದು ಟೇಬಲ್ಲಿನ ಮೇಲಿಟ್ಟು ಮುಖ ತೊಳೆಯಲು ಹೋಗಿದ್ದೆ. ಬಂದು ನೋಡಿದರೆ ಹೆಂಡತಿ ನಿಂತೇ ಎಲ್ಲವನ್ನೂ ಓದುತ್ತಿದ್ದಾಳೆ. ವಿಚಾರಣೆ ಎಂದಿರುವ ಕಡೆ ಬೆರಳಿಟ್ಟು ನನ್ನನ್ನು ನೋಡಿದಳು. ಆ ನೋಟಕ್ಕೆ ಯಾವ ಬಾಯಿಯೂ ಬೇಡ. ಸ್ಲೇಟು ತೆಗೆದು, ‘ಆ ಹುಡುಗಿಯನ್ನು ಬಿಟ್ಟುಬಿಡಿ. ಮಾಡಿಸಿಕೊಂಡಿದ್ದು ನಾನು’ ಎಂದು ಬರೆದಳು. ಬಳಪ ಮುರಿಯುವಷ್ಟು ಒತ್ತಿ ಬರೆದಿದ್ದಳು.

ಮಗಳು ಬಂದು, “ನಾನು ಹೇಳ್ತೀನಪ್ಪ, ಅಮ್ಮ ಏನಂತಾಳೆ ಅಂತ” ಎಂದಳು. ಹೆಂಡತಿ ಅವಳ ಬೆನ್ನು ಹಿಡಿದು ಅಡುಗೆಮನೆಗೆ ದಾಟಿಸಿ ಬಂದಳು. ಸ್ಲೇಟು ಒರೆಸಿ ಬೀರುವಿನ ಮೇಲಿಟ್ಟಳು. ಎರಡು ಕುರ್ಚಿಗಳನ್ನು ಕಿಟಕಿಯ ಬೆಳಕಿಗೆಳೆದು ನನ್ನನ್ನು ಕೂರಿಸಿ, ಎದುರಿಗೆ ತಾನು ಕೂತು, ಗಿರಣಿಯಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದ ಹಾಗೆ ನಿಧಾನವಾಗಿ ಶುರುಮಾಡಿದಳು. ನನಗೆ ಗೊತ್ತಾಗದಿದ್ದರೆ ಇನ್ನೊಮ್ಮೆ, ಆಗಲೂ ಗೊತ್ತಾಗದಿದ್ದರೆ ಮತ್ತೊಮ್ಮೆ. ನಾನು ತಲೆಯಾಡಿಸಿದರೆ ಸಾಲದು, ತಿಳಿದದ್ದನ್ನು ತಿರುಗಿ ಹೇಳಬೇಕು. ಮಧ್ಯಾಹ್ನದವರೆಗೂ ಒಲೆಯ ಕಡೆ ಯಾರೂ ಹೋಗಲಿಲ್ಲ. ಹಾಗೆ ನಾನು ಓದಿಕೊಂಡದ್ದನ್ನು, ಅವಳು ಬರೆಯಿರಿ ಎಂದ ಮೇಲೆಯೇ, ಇಲ್ಲಿ ಬರೆಯುತ್ತಿದ್ದೇನೆ.

ಗಿರಣಿಗೆ ಸೇರುವ ಮುಂಚೆ, ಹರೆಯದಲ್ಲಿ, ಏಣಿಯಿಂದ ಬಿದ್ದು ಅವಳ ದವಡೆ ಒಮ್ಮೆ ಮುರಿದಿತ್ತಂತೆ. ಯಾರೋ ಬಟ್ಟೆ ಬಿಗಿದು ಬಿಟ್ಟರಂತೆ, ಅದು ಓರೆಯಾಗಿಯೇ ಕೂಡಿಕೊಂಡಿತಂತೆ. ನನಗೆ ಅದು ಹುಟ್ಟಿನಿಂದ ಬಂದದ್ದೆಂದು ಹೇಳಿದ್ದಳು, ನಾನು ಮತ್ತೆ ಕೇಳಿರಲಿಲ್ಲ. ಈ ಸಲ ಮುರಿದದ್ದು ಅದೇ ಜಾಗದಲ್ಲಿ. ಕಿರಿಯ ಸರ್ಜನ್ ಪ್ಲಾಸ್ಟರ್ ದವಡೆಯನ್ನು ಕೊಯ್ದು ಹೊಂದಿಸಿದಾಗ ಅದು ಎರಡು ಥರ ಕೂತಿದೆ. ಇಷ್ಟು ವರ್ಷ ಅಗಿದು ಸವೆದ ಓರೆಯ ಥರ ಒಂದು, ಏಣಿಯಿಂದ ಬೀಳುವ ಮುಂಚಿನ ನೇರ ಥರ ಇನ್ನೊಂದು. ಇಂಥ ಮುರಿತದಲ್ಲಿ ಈವರೆಗೆ ಇದ್ದ ಹಾಗೆ ಕೂಡಿಸುವುದೇ ರೂಢಿಯಂತೆ. ಆ ಹುಡುಗಿ ರೂಢಿಯಂತೆ ಮಾಡಿ ಕೈತೊಳೆದುಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ನಮ್ಮನ್ನು ಹೊರಗೆ ಕಳಿಸಿ, ಪ್ಲಾಸ್ಟರಿನ ತುಂಡುಗಳನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ಹಿಡಿದು ತೋರಿಸಿ, “ನಿಮಗೆ ಯಾವ್ದು ಬೇಕಮ್ಮ?” ಎಂದು ಕೇಳಿದಳಂತೆ. ನನ್ನ ಹೆಂಡತಿ ನೇರ ಇದ್ದದ್ದನ್ನು ಮುಟ್ಟಿ ತೋರಿಸಿ, ಮನೆಯವರಿಗೆ ಹೇಳಬೇಡಿ ಎಂದು ಸನ್ನೆ ಮಾಡಿ ಕೈ ಮುಗಿದಳಂತೆ.

“ನಂಗ್ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ಬೇಡ ಅಂತಿದ್ರಿ.”

“ಅಂತಿದ್ದೆ. ನಿನ್ ಬಾಯಿ ಓರೆ ಅಂತ ನಂಗೆ ಒಂದಿನಾನೂ ಅನ್ನಿಸಿರ್ಲಿಲ್ಲ.”

ಇದಕ್ಕೆ ಅವಳು ಹೇಳಿದ್ದನ್ನು ನಾಲ್ಕೈದು ಸಲ ಹೇಳಿಸಿಕೊಂಡು ಓದಿದೆ. ಕೊನೆಕೊನೆಗೆ ಓದಲು ಬಂದರೂ ಬಾರದವನಂತೆ ಇನ್ನೊಮ್ಮೆ ಹೇಳಿಸಿಕೊಂಡೆ.

“ನಿಮಗೆ ಅನ್ನಿಸ್ಲಿಲ್ಲ ಅಂದ್ರೆ ನಂಗೂ ಅನ್ನಿಸ್ಬಾರ್ದಾ? ಆ ಶೆಡ್ಡಿನಲ್ಲಿ ಅಷ್ಟೂ ಬಾಯಿಗಳು ಸದ್ದಿಲ್ದೆ ‘ಓರೆಬಾಯಿ, ಓರೆಬಾಯಿ’ ಅಂತಿದ್ವು, ನಾನು ಕಣ್ಣಲ್ಲೇ ಕೇಳಿಸ್ಕೊಬೇಕಿತ್ತು. ಕಂಬ ಅಂದ್ರೆ ನೀವು ನಗ್ತಿದ್ರಿ. ನಾನೂ ನಗ್ಬೇಕಿತ್ತು. ಆಮೇಲೆ ನಿಮ್ಮ ಕಿವಿ ಹೋಯ್ತು. ಬೇರೆ ಹೆಂಗಸ್ರು ಮಾತಾಡ್ವಾಗ ಕೈ ಅಡ್ಡ ಹಿಡೀಬಹುದು, ಮುಖ ತಿರುಗಿಸ್ಬಹುದು. ನಂಗೆ ಅದೂ ಇಲ್ಲ. ಯಾವ ಜಾಗ ಬಚ್ಚಿಡ್ಬೇಕು ಅಂತಿತ್ತೋ ಅದನ್ನೇ ದಿನಾ ಬೆಳಕಿಗೆ ಹಿಡ್ಕೊಂಡು ನಿಮ್ಮೆದುರು ಕೂರ್ಬೇಕು. ಕೂತೆ. ನಿಮಗೋಸ್ಕರ ಕೂತೆ. ಮತ್ತೆ ಮುರೀತಲ್ಲ, ಆಗ ನಂಗೆ ಒಂದು ಸಲ ಕೇಳಿದ್ರು, ಏನು ಬೇಕು ಅಂತ.”

ಇಷ್ಟಾದ ಮೇಲೆ ನಾನು ತಮ್ಮಲ್ಲಿ ಕ್ಷಮೆ ಕೇಳಿ, ನಮಸ್ಕಾರ ಹಾಕಿ, ಬಾಲ ಮುದುರಿಕೊಂಡು ಕೂರುತ್ತೇನೆಂದು ತಿಳಿಯಬೇಡಿ. ನನ್ನ ಅನುಮಾನ ಎಲ್ಲಿಗೂ ಹೋಗಿಲ್ಲ, ಮಹಡಿ ಇಳಿದು ತಮ್ಮ ಕಚೇರಿಗೆ ಬಂದಿದೆ, ಅಷ್ಟೇ. ವರ್ಷಗಟ್ಟಲೆ ಲಿಫ್ಟು ಕೆಟ್ಟು ನಿಂತಿದೆ ಎಂಬ ದೂರಿಗೆ ಕದಲದ ಕಚೇರಿ, ಒಬ್ಬ ಕಿವುಡನ ಒಂದು ಪತ್ರಕ್ಕೆ ಕಿರಿಯಳೊಬ್ಬಳನ್ನು ಇಷ್ಟು ಬೇಗ ಹೊರಗಿಟ್ಟದ್ದು ಏಕೆ? ಆಪರೇಷನ್ ಟೇಬಲ್ಲಿನ ಆಚೆ ಹಿರಿಯ ಸರ್ಜನ್ನರೂ ನಿಂತಿದ್ದರಲ್ಲ? ದವಡೆಯನ್ನು ಯಾವ ಥರ ಕೂರಿಸಿದ್ದಾರೆಂದು ಅವರಿಗೆ ತಿಳಿದಿರಲಿಲ್ಲವೇ? ‘ಲಕ್ಷಣವಾಗಿದೆ’ ಎಂದು ಹೇಳಲು ಮುಂದೆ ಬಂದವರು ‘ಇದು ನನಗೂ ಗೊತ್ತಿತ್ತು’ ಎಂದು ಹೇಳಲು ಮುಂದೆ ಬರಲಿಲ್ಲ ಏಕೆ? ಒಂದು ಮಾತು ಹೇಳಿದ್ದರೆ ಆ ಹುಡುಗಿ ಪಾರಾಗುತ್ತಿದ್ದಳು. ತನ್ನ ಕೆಲಸಕ್ಕೇ ಸಂಚಕಾರ ಬಂದರೂ ಅವಳು ನನ್ನ ಹೆಂಡತಿಗೆ ಕೊಟ್ಟ ಮಾತು ಬಿಡಲಿಲ್ಲ. ತಮ್ಮ ಇಡೀ ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡಿರಲು ಸಕಾರಣವಿದ್ದದ್ದು ಅವಳೊಬ್ಬಳಿಗೇ. ನಾನು ಅವಳನ್ನೇ ಹಿಡಿದೆ, ತಾವೂ ಅವಳನ್ನೇ ಹಿಡಿದಿರಿ. ನಾನಾದರೆ ಕಿವುಡ. ತಮಗೇನಾಗಿತ್ತು?

ಆದ್ದರಿಂದ ನನ್ನ ಬೇಡಿಕೆ ಹೀಗೆ ಬದಲಾಗಿದೆ. ದೂರನ್ನು ನಾನು ವಾಪಸ್ ಪಡೆದಿದ್ದೇನೆ. ರೋಗಿಯ ಒಪ್ಪಿಗೆ ಬೇಕಿತ್ತಲ್ಲ, ಈ ಪತ್ರದ ಕೆಳಗೆ ಅವಳ ರುಜುವೂ ಇದೆ. ಸೋಮವಾರದ ವಿಚಾರಣೆಯನ್ನು ಕೈಬಿಟ್ಟು ಆ ಹುಡುಗಿಯನ್ನು ಅಂದೇ ಆಪರೇಷನ್ ಕೋಣೆಗೆ ವಾಪಸ್ ಕಳಿಸಿ. ಬೆಂಚುಗಳ ಮೇಲೆ ಮುರಿದ ಬಾಯಿಗಳು ಕಾಯುತ್ತಿವೆ, ಅವರಿಗೆ ಏನು ಬೇಕೆಂದು ಕೇಳುವವರೊಬ್ಬರು ಅಲ್ಲಿರಲಿ. ಕಿವುಡರು ಬಂದಾಗ ಒಂದು ಹೆಜ್ಜೆ ದೂರ ನಿಂತಾದರೂ ಸರಿ, ಮಾಸ್ಕು ಇಳಿಸಿ ಮಾತಾಡುವಂತೆ ತಮ್ಮವರಿಗೆಲ್ಲ ಆಜ್ಞೆ ಹೊರಡಿಸಿ.

ಸೋಮವಾರ ನನ್ನನ್ನು ಕರೆಸಬೇಡಿ, ಬರಲು ನನಗೆ ಪುರುಸೊತ್ತಿಲ್ಲ. ತಂತಿ ಬಿಚ್ಚಿದ ದಿನ ನನ್ನ ಕಡೆ ತಿರುಗಿ ಅಷ್ಟುದ್ದ ಹೇಳಿದ್ದು ಏನು ಎಂದು ಹೆಂಡತಿಯನ್ನು ಕೇಳಿದ್ದೇನೆ. ಆ ಮಧ್ಯಾಹ್ನದಿಂದ ದಿನಾ ಹೇಳುತ್ತಿದ್ದಾಳೆ. ಅರ್ಧ ಮಾತ್ರ ಗೊತ್ತಾಗಿದೆ. ಉಳಿದರ್ಧವನ್ನು ಸ್ಲೇಟಿನಲ್ಲಿ ಬರೆ ಎಂದರೆ ಬರೆಯುವುದಿಲ್ಲ, ಮಗಳಿಗೆ ಹೇಳು ಎಂದರೆ ಹೇಳುವುದಿಲ್ಲ. “ನೋಡಿ ತಿಳ್ಕೊಳ್ಳಿ” ಎನ್ನುತ್ತಾಳೆ. ಆ ಎರಡು ಶಬ್ದ ಈಗ ನನಗೆ ಸಲೀಸಾಗಿ ಓದಲು ಬರುತ್ತದೆ.

ಇಂತಿ,
ತಮ್ಮನ್ನು ಇನ್ನೂ ನಂಬದ, ಹೆಂಡತಿಯ ಮಾತನ್ನು ಮೊದಲಿಂದ ಕಲಿಯುತ್ತಿರುವ,
ಗಿರಣಿಯ ಕಂಬ

(ಓದಿದ್ದೇನೆ. ಒಪ್ಪಿಗೆಯಿದೆ. — ಹೆಂಡತಿ)